ಚಿತ್ರದ ಮೂಲ್ಯಾಗಿನ ಸಹಿ ಯಾರದು?

ಸಿಂಧನೂರಿನ ಕಿರಾಣಿ ಅಂಗಡಿ ಇರಲಿ, ಮಸ್ಕಿಯ ಅರಿವೆ ಅಂಗಡಿ ಇರಲಿ, ಲಿಂಗಸೂಗೂರಿನ ಚಹಾದಂಗಡಿ ಇರಲಿ, ಗೋಡೆಗೆ ಒಂದು ಕ್ಯಾಲೆಂಡರ್ ಇಲ್ಲದ ಅಂಗಡಿ ತೋರಿಸಿದವರಿಗೆ ಬಹುಮಾನ ಕೊಡಬಹುದು. ಕೆಳಗೆ ತಾರೀಖು, ಅಮಾವಾಸ್ಯೆ, ಹುಣ್ಣಿಮೆ. ತಾರೀಖಿನ ಪಕ್ಕ ಪೆನ್ಸಿಲಿನಲ್ಲಿ ಬರೆದ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಉದ್ದರಿ ಒಯ್ದವರ ಹೆಸರಿನ ಮೊದಲಕ್ಷರ. ಮೇಲೆ ಮಾತ್ರ ದೇವರು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಊದುಬತ್ತಿ ಬೆಳಗುವುದು ಆ ದೇವರಿಗೇ.

ಚಿತ್ರದಾಗಿರೋ ದೇವರು ಯಾರು ಅಂತ ಕೇಳಿದರೆ ಸಣ್ಣ ಕೂಸೂ ಹೇಳ್ತದ. ಚಿತ್ರ ಬರೆದವರು ಯಾರು ಅಂತ ಕೇಳಿದರೆ ಮಾತ್ರ ಗಲ್ಲೆಯ ಮೇಲೆ ಕುಂತ ಸಾವಕಾರರೂ ಗಪ್, ಎದುರಿಗೆ ನಿಂತ ಗಿರಾಕಿಯೂ ಗಪ್. ತಪ್ಪು ಅವರದಲ್ಲ. ದೇವರ ಕಾಲಿನ ಹತ್ತಿರ, ಮೂಲ್ಯಾಗ, ಇರುವೆ ಸಾಲಿನಷ್ಟು ಸಣ್ಣದಾಗಿ ಹಾಕಿದ ಸಹಿ ಓದುವ ಪುರುಸೊತ್ತು ಯಾರಿಗಿದೆ?

ಅಂಥ ಒಂದು ಸಹಿ ಐವತ್ತು ವರ್ಷದ ಹಿಂದೆ ಇಡೀ ದೇಶದ ಗೋಡೆಗಳ ಮೇಲಿತ್ತು. ಎಸ್.ಎಂ. ಪಂಡಿತ. ಈ ಮನುಷ್ಯ ಮುಂಬಯಿಯವರಲ್ಲ, ಬಂಗಾಲದವರಲ್ಲ. ಸಿಂಧನೂರು, ಮಸ್ಕಿ, ಲಿಂಗಸೂಗೂರಿನ ಜನ ದಿನಾ ಬಸ್ಸಿನಲ್ಲಿ ಓಡಾಡುವ ಇದೇ ರಸ್ತೆ ಹಿಡಿದು ಮೇಲಕ್ಕೆ ಹೋದರೆ ಸಿಗುವ ಊರಿನವರು.

ಒಂದೇ ರಸ್ತೆಯ ಸಂಬಂಧ

ಸಿಂಧನೂರಿನಿಂದ ಹೊರಟ ಬಸ್ಸು ಮಸ್ಕಿ ದಾಟಿ ಲಿಂಗಸೂಗೂರಿಗೆ ಬರುತ್ತದೆ. ಅಲ್ಲಿಂದ ಮುಂದೆ ತಿಂಥಣಿ ಸೇತುವೆ. ಕೃಷ್ಣೆ ದಾಟಿದರೆ ಸುರಪುರ, ಶಹಾಪುರ, ಜೇವರ್ಗಿ. ಕೊನೆಗೆ ಕಲಬುರಗಿ, ಹಿಂದಿನ ಗುಲ್ಬರ್ಗಾ. ಸಾಂಬಾನಂದ ಮೋನಪ್ಪ ಪಂಡಿತರು ಹುಟ್ಟಿದ್ದು ಅಲ್ಲಿ, 1916ರಲ್ಲಿ.

ಹೆಸರಿನ ನಡುವೆ ಕುಂತ 'ಮೋನಪ್ಪ'ನನ್ನು ಗಮನಿಸಬೇಕು. ತಿಂಥಣಿ ಮೋನಪ್ಪಯ್ಯನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುವ ಈ ಸೀಮೆಯಲ್ಲಿ ಓಣಿಗೊಬ್ಬ ಮೋನಪ್ಪ ಇದ್ದೇ ಇರುತ್ತಾನೆ. ಅಂದರೆ ಹಾಲಿವುಡ್ ಸಿನಿಮಾಕ್ಕೆ ಬಣ್ಣ ಬಳಿದು ಹೆಸರು ಮಾಡಿದ ಕಲಾವಿದನ ಹೆಸರಿನಲ್ಲೂ ಕೃಷ್ಣಾ ದಂಡೆಯ ಮಣ್ಣಿದೆ.

ಆ ಕಾಲ ನಿಜಾಮರ ಕಾಲ. ಗುಲ್ಬರ್ಗವೂ ನಿಜಾಮರದು, ರಾಯಚೂರೂ ನಿಜಾಮರದು. ಕಚೇರಿಯ ಕಾಗದ ಉರ್ದುವಿನಲ್ಲಿ, ಕನ್ನಡ ಸಾಲಿ ಹುಡುಕಿದರೆ ಸಿಗುವಷ್ಟು. ಅಂಥದರಲ್ಲಿ ಚಿತ್ರ ಕಲಿಸುವ ಸಾಲಿ ಎಲ್ಲಿಂದ ಬರಬೇಕು? ಹುಡುಗನಿಗೆ ಮೊದಲ ಪಾಠ ಸಿಕ್ಕಿದ್ದು ಊರಲ್ಲೇ ಇದ್ದ ಶಂಕರರಾವ್ ಆಳಂದಕರ್ ಎಂಬ ಕಲಾವಿದರಿಂದ. ಒಬ್ಬ ಗುರು, ಒಂದು ಪೆನ್ಸಿಲು, ಬಿಳಿ ಹಾಳೆ. ಶುರುವಾತು ಇಷ್ಟೇ.

ಆದರೆ ಒಬ್ಬ ಗುರು ಊರಲ್ಲಿರುವುದಕ್ಕೂ ಇಲ್ಲದಿರುವುದಕ್ಕೂ ಭೂಮಿ ಆಕಾಶದಷ್ಟು ಅಂತರ. ಗೋಡೆಗೆ ಇದ್ದಿಲಿನಿಂದ ಗೀಚುವ ಹುಡುಗರು ಎಲ್ಲ ಊರಲ್ಲೂ ಇರುತ್ತಾರೆ. "ಗೋಡಿ ಹೊಲಸು ಮಾಡಬ್ಯಾಡೋ" ಅಂತ ಬೈಯುವವರೂ ಎಲ್ಲ ಊರಲ್ಲಿ ಇರುತ್ತಾರೆ. "ಬಾ, ಹೀಂಗ ಬರಿ" ಅನ್ನುವವರು ಮಾತ್ರ ಎಲ್ಲ ಊರಲ್ಲಿ ಇರುವುದಿಲ್ಲ.

ಮದ್ರಾಸು, ಅಲ್ಲಿಂದ ಮುಂಬಯಿ

ಊರಿನ ಪಾಠ ಮುಗಿದ ಮೇಲೆ ಪಂಡಿತರು ಮದ್ರಾಸಿನ ಕಲಾಶಾಲೆಯ ಡಿಪ್ಲೊಮಾ ಪಡೆದರು. ಆಮೇಲೆ ಮುಂಬಯಿ ಹಾದಿ. ಅಲ್ಲಿ ನೂತನ ಕಲಾಮಂದಿರ ಎಂಬ ಶಾಲೆ. ನಡೆಸುತ್ತಿದ್ದವರು ಜಿ.ಎಸ್. ದಂಡಾವತಿಮಠ. ಹೆಸರೇ ಹೇಳುವಂತೆ ಕನ್ನಡದವರು. ಮುಂಬಯಿಗೆ ಬಂದಿಳಿದ ಕನ್ನಡದ ಹುಡುಗನಿಗೆ ಕನ್ನಡದ ಗುರು ಸಿಕ್ಕರೆ ಅರ್ಧ ಭಾರ ಇಳಿದಂತೆ. ಅಲ್ಲಿಂದ ಸರ್ ಜೆ.ಜೆ. ಕಲಾಶಾಲೆ. ಆಗ ಅದರ ಮುಖ್ಯಸ್ಥರು ಗ್ಲಾಡ್‌ಸ್ಟನ್ ಸಾಲೊಮನ್ ಎಂಬ ಕಲಾವಿದರು.

ಸಾಲೊಮನ್ ಸಾಹೇಬರ ಕಾಲದಲ್ಲಿ ಜೆ.ಜೆ. ಶಾಲೆಯಲ್ಲಿ ಎದುರಿಗೆ ಜೀವಂತ ಮನುಷ್ಯನನ್ನು ಕೂಡಿಸಿ ಬರೆಯುವ ತರಗತಿಗೆ ಬಲು ಒತ್ತು. ಇದರ ಅರ್ಥ ಇಷ್ಟು: ಕೈ ಅಂದರೆ ಐದು ಬೆರಳು ಅಂತ ಮನಸ್ಸಿನಲ್ಲಿದ್ದದ್ದನ್ನು ಬರೆಯುವಂತಿಲ್ಲ. ಕಣ್ಣಿಗೆ ಏನು ಕಾಣುತ್ತದೋ ಅದನ್ನೇ ಬರೆಯಬೇಕು. ಮುಷ್ಟಿ ಹಿಡಿದಾಗ ಯಾವ ಎಲುಬು ಮೇಲೆ ಬರುತ್ತದೆ, ಭಾರ ಎತ್ತಿದಾಗ ಭುಜದ ಯಾವ ಸ್ನಾಯು ಬಿಗಿಯುತ್ತದೆ, ಕಿಟಕಿಯ ಬೆಳಕು ಮುಖದ ಯಾವ ಬದಿಗೆ ಬಿದ್ದು ಯಾವ ಬದಿ ನೆರಳಾಗುತ್ತದೆ. ಇದನ್ನು ದಿನಕ್ಕೆ ತಾಸುಗಟ್ಟಲೆ, ವರ್ಷಗಟ್ಟಲೆ ತಿದ್ದಬೇಕು. ದಾರವಾಳದ ಎಣ್ಣೆ ಅಂಗಡಿಯವನು ಸೇರಿನ ಅಳತೆಯನ್ನು ಕೈಯಲ್ಲೇ ಹೇಳುವ ಹಾಗೆ, ಚಿತ್ರದವನ ಕಣ್ಣಿಗೆ ಅಳತೆ ಕೂಡಬೇಕು.

ಪಂಡಿತರ ಆಂಜನೇಯನನ್ನೋ ಈಶ್ವರನನ್ನೋ ನೋಡಿದವರಿಗೆ ಆ ಪಾಠ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ. ದೇವರಿಗೂ ಮಾಂಸ, ಎಲುಬು, ತೂಕ ಬಂತು. ನಿಂತರೆ ನೆಲ ಒತ್ತುವಂಥ ದೇವರು.

ಕಪ್ಪು ಬಿಳಿ ಫೋಟೋ, ಬಣ್ಣದ ಮುಖ

ಓದೇನೋ ಆಯಿತು. ಹೊಟ್ಟಿಗೆ?

1938ರಲ್ಲಿ ಮುಂಬಯಿಯಲ್ಲಿ ಮೆಟ್ರೊ ಎಂಬ ಭಾರಿ ಚಿತ್ರಮಂದಿರ ತೆರೆಯಿತು. ಕಟ್ಟಿಸಿದವರು ಅಮೆರಿಕದ ಎಂಜಿಎಂ ಕಂಪನಿಯವರು. ತೆರೆಯ ಮೇಲೆ ಸಿಂಹ ಗರ್ಜಿಸುತ್ತದಲ್ಲ, ಅದೇ ಕಂಪನಿ. ಸಿನಿಮಾ ಬರುವ ಮುಂಚೆ ಥಿಯೇಟರಿನ ಅಂಗಳದಲ್ಲಿ ನಿಲ್ಲಿಸುವ ದೊಡ್ಡ ಚಿತ್ರಫಲಕಗಳಿಗೆ ಷೋಕಾರ್ಡ್ ಅನ್ನುತ್ತಿದ್ದರು. ರತನ್ ಬಾತ್ರಾ ಎಂಬುವರ ಪ್ರಚಾರ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ ಪಂಡಿತರ ಪಾಲಿಗೆ ಈ ಷೋಕಾರ್ಡ್ ಕೆಲಸ ಬಂತು.

ಈ ಕೆಲಸದ ಕೀಲಿ ಎಲ್ಲಿದೆ ನೋಡ್ರಿ. ಆಗಿನ ಸಿನಿಮಾ ಬಹುತೇಕ ಕಪ್ಪು ಬಿಳಿ. ಕಲಾವಿದನ ಕೈಗೆ ಬರುವುದು ಅಂಗೈಯಗಲದ ಕಪ್ಪು ಬಿಳಿ ಫೋಟೋ. ಅವನು ಬರೆದುಕೊಡಬೇಕಾದದ್ದು ಆಳೆತ್ತರದ ಬಣ್ಣದ ಮುಖ. ನಾಯಕಿಯ ಕೆನ್ನೆ ಎಷ್ಟು ಕೆಂಪು, ಸೀರೆಯ ಅಂಚು ಯಾವ ಹಸಿರು, ರಾತ್ರಿಯ ಆಕಾಶ ಎಷ್ಟು ನೀಲಿ, ಇದೆಲ್ಲ ಫೋಟೋದಲ್ಲಿ ಇಲ್ಲ. ಬರೆಯುವವನ ತಲೆಯಿಂದ ಬರಬೇಕು. ಮುಖ ಮಾತ್ರ ಚೂರೂ ತಪ್ಪುವಂತಿಲ್ಲ. ಯಾಕೆಂದರೆ ನಟಿಯ ಗುರುತು ಹತ್ತದಿದ್ದರೆ ಪ್ರೇಕ್ಷಕ ಟಿಕೀಟು ತೆಗೆಸುವುದಿಲ್ಲ!

ಹೀಗೆ ಒಂದು ಕಡೆ ಕಟ್ಟುನಿಟ್ಟಿನ ಹೋಲಿಕೆ, ಇನ್ನೊಂದು ಕಡೆ ಕಟ್ಟಿಲ್ಲದ ಕಲ್ಪನೆ. ಈ ಎರಡು ಎತ್ತನ್ನು ಒಂದೇ ನೊಗಕ್ಕೆ ಹೂಡುವುದೇ ಪಂಡಿತರ ವಿದ್ಯೆ. ಇದಕ್ಕೆ ಅವರು ಬಳಸಿದ್ದು ಗ್ವಾಷ್ ಎಂಬ ಬಣ್ಣ. ನೀರಿನಲ್ಲಿ ಕಲಸುವ ಬಣ್ಣವೇ, ಆದರೆ ತಿಳಿಯಲ್ಲ, ಗಟ್ಟಿ. ಬೇಗ ಒಣಗುತ್ತದೆ. ಕೆಳಗಿನ ಬಣ್ಣವನ್ನು ಮುಚ್ಚುತ್ತದೆ. ನಾಳೆ ಬೆಳಿಗ್ಗೆ ಫಲಕ ನಿಲ್ಲಬೇಕು ಅಂದಾಗ ತಿಂಗಳುಗಟ್ಟಲೆ ಒಣಗುವ ಎಣ್ಣೆಬಣ್ಣ ಹಿಡಿದು ಕುಂತರೆ ಆಗುತ್ತದೆಯೇ? ಅವಸರದ ಕೆಲಸಕ್ಕೆ ಅವಸರದ ಬಣ್ಣ. ಆದರೆ ಕೈ ಮಾತ್ರ ಅವಸರದ್ದಲ್ಲ.

ಮುಂದೆ ಬಾಬುರಾವ್ ಪಟೇಲರ 'ಫಿಲ್ಮ್‌ಇಂಡಿಯಾ' ಪತ್ರಿಕೆಯ ಮುಖಪುಟಗಳು ಪಂಡಿತರ ಕೈಗೆ ಬಂದವು. ದೇಶದಲ್ಲಿ ಆಗ ಅದಕ್ಕಿಂತ ಜೋರಿನ ಸಿನಿಮಾ ಪತ್ರಿಕೆ ಇರಲಿಲ್ಲ. ರಘುವೀರ ಮುಳಗಾಂವಕರ ಎಂಬ ಇನ್ನೊಬ್ಬ ಕಲಾವಿದರೂ ಅದಕ್ಕೆ ಬರೆಯುತ್ತಿದ್ದರು. 1944ರಲ್ಲಿ ಪಂಡಿತರು ಮುಂಬಯಿಯ ಶಿವಾಜಿ ಪಾರ್ಕಿನಲ್ಲಿ ಸ್ವಂತ ಸ್ಟುಡಿಯೋ ಹಾಕಿದರು. 1949ರಲ್ಲಿ ಬಂದ ರಾಜಕಪೂರರ 'ಬರ್ಸಾತ್' ಸಿನಿಮಾದ ಪೋಸ್ಟರಿಗೂ ಅವರದೇ ಕುಂಚ. ಗುಲ್ಬರ್ಗದ ಹುಡುಗ ನೌಕರಿ ಬಿಟ್ಟು ಮಾಲಕನಾದ.

ಹಾಲಿವುಡ್ಡಿನ ಬೆಳಕು, ಪುರಾಣದ ಮುಖ

ಕಲಾವಿದರಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಅಂತ ಕೇಳುವುದುಂಟು. ಆಕಾಶದಿಂದ ಬೀಳುವುದಿಲ್ಲ. ಮಾಡುವ ಕೆಲಸದಿಂದಲೇ ಬರುತ್ತದೆ.

ಷೋಕಾರ್ಡ್ ಬರೆದೂ ಬರೆದೂ ಪಂಡಿತರ ಕಣ್ಣಿಗೆ ಹಾಲಿವುಡ್ಡಿನ ಬೆಳಕು ಹತ್ತಿತ್ತು. ನಟಿಯ ಹಿಂದಿನಿಂದ ಬೆಳಕು ಬಿಟ್ಟು ಕೂದಲ ಅಂಚನ್ನು ಹೊಳೆಯಿಸುವುದು, ತುಟಿಗೆ, ಕಣ್ಣಿಗೆ ಒಂದು ಚುಕ್ಕಿ ಮಿಂಚು ಇಡುವುದು. ಅದೇ ಬೆಳಕನ್ನು ಅವರು ಪುರಾಣಕ್ಕೆ ತಂದರು. ರಾಧೆಯ ಕೆನ್ನೆಗೆ ಬಿತ್ತು. ದಮಯಂತಿಯ ಸೀರೆಯ ಮಡಿಕೆಗೆ ಬಿತ್ತು. ಹಸಿರು, ನೀಲಿ, ಗುಲಾಬಿ ಬಣ್ಣಗಳು ಒಳಗೆ ದೀಪ ಇಟ್ಟ ಹಾಗೆ ಹೊಳೆದವು.

ದೇವರ ಚಿತ್ರ ಅಚ್ಚು ಹಾಕಿ ಮನೆಮನೆಗೆ ಮುಟ್ಟಿಸುವ ಹಾದಿ ಪಂಡಿತರು ಹುಟ್ಟುವ ಮುಂಚೆಯೇ ಬಿದ್ದಿತ್ತು. ಕೇರಳದ ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹಾಕಿದರು. ಗುಡಿಯೊಳಗೆ ಕಾಲಿಡಲು ಬಿಡದ ಜನರ ಮನೆಗೂ ಲಕ್ಷ್ಮಿ, ಸರಸ್ವತಿ ಕಾಗದದ ಮೇಲೆ ಕುಂತು ಬಂದರು. ಇದು ಸಣ್ಣ ಮಾತಲ್ಲ. ಪಂಡಿತರು ಅದೇ ಹಾದಿಯಲ್ಲಿ ಮುಂದೆ ನಡೆದವರು.

ಕ್ಯಾಲೆಂಡರ್ ಆಗುವ ಬಗೆ ಹೀಗೆ. ಕಲಾವಿದ ಮೊದಲು ದೊಡ್ಡ ಕ್ಯಾನ್ವಾಸಿನ ಮೇಲೆ ಚಿತ್ರ ಬರೆಯುತ್ತಾನೆ. ಅದನ್ನು ಬೇರೆ ಬೇರೆ ಗಾಜಿನ ಮೂಲಕ ಫೋಟೋ ತೆಗೆದು ನಾಲ್ಕು ಬಣ್ಣಕ್ಕೆ ನಾಲ್ಕು ತಗಡು ಮಾಡುತ್ತಾರೆ. ಹಳದಿ, ಕೆಂಪು, ನೀಲಿ, ಕಪ್ಪು. ಒಂದರ ಮೇಲೊಂದು ಅಚ್ಚು ಬೀಳುತ್ತದೆ. ಒಂದು ಕೂದಲೆಳೆ ಸರಿದರೂ ದೇವರಿಗೆ ಎರಡು ಮೂಗು! ಶಿವಕಾಶಿಯಂಥ ಊರಲ್ಲಿ ಇದು ದೊಡ್ಡ ಉದ್ಯೋಗ. ಚಿತ್ರದ ಕೆಳಗೆ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಅಂಗಡಿಯ ಹೆಸರು, ಫೋನ್ ನಂಬರು. ಹೊಸ ವರ್ಷಕ್ಕೆ ಸಾವಕಾರರು ಕಾಯಂ ಗಿರಾಕಿಗಳಿಗೆ ಸುರುಳಿ ಸುತ್ತಿ ಕೊಡುತ್ತಾರೆ.

ಲೆಕ್ಕ ಹಾಕಿ ನೋಡಿದರೆ, ಕಂಪನಿಗೆ ಜಾಹೀರಾತು ಸಿಕ್ಕಿತು, ಅಂಗಡಿಗೆ ಹೆಸರು ಸಿಕ್ಕಿತು, ಗಿರಾಕಿಗೆ ದೇವರು ಸಿಕ್ಕ. ಬರೆದವನಿಗೆ? ಒಂದು ಸಲದ ಹಣ, ಮೂಲ್ಯಾಗ ಒಂದು ಸಹಿ.

ದೊಡ್ಡ ಕಲೆ, ಸಣ್ಣ ಕಲೆ

ಇಷ್ಟಾಗಿಯೂ ಕಲಾ ಪಂಡಿತರು ಈ ಪಂಡಿತರನ್ನು ಬಹುಕಾಲ ಪಂಕ್ತಿಯಲ್ಲಿ ಕೂಡಿಸಿಕೊಳ್ಳಲಿಲ್ಲ. 'ಕ್ಯಾಲೆಂಡರ್ ಆರ್ಟು' ಅಂದರೆ ಮೂಗು ಮುರಿಯುವುದೇ ರೂಢಿ. ಗ್ಯಾಲರಿಯಲ್ಲಿ ಹತ್ತು ಜನ ನೋಡಿದ್ದು ಕಲೆ, ಬಜಾರದಲ್ಲಿ ಹತ್ತು ಲಕ್ಷ ಜನ ನೋಡಿದ್ದು ವ್ಯಾಪಾರ ಅನ್ನುವ ನ್ಯಾಯ.

ಮೋಜಿನ ಸಂಗತಿ ಬೇರೆ ಇದೆ. 1947ರಲ್ಲಿ ಮುಂಬಯಿಯಲ್ಲಿ ಹೊಸ ಕಲೆಯ ಬಾವುಟ ಹಾರಿಸಿದ ಪ್ರೋಗ್ರೆಸಿವ್ ಗುಂಪಿನಲ್ಲಿ ಎಂ.ಎಫ್. ಹುಸೇನರು ಇದ್ದರು. ಆ ಹುಸೇನರು ಅದಕ್ಕೂ ಮುಂಚೆ ಅದೇ ಊರಿನ ಬೀದಿಯಲ್ಲಿ ಏಣಿ ಹತ್ತಿ ಸಿನಿಮಾ ಬ್ಯಾನರ್ ಬರೆದು ಹೊಟ್ಟೆ ಹೊರೆದವರು. ದೊಡ್ಡ ಕಲೆ ಸಣ್ಣ ಕಲೆ ಎರಡೂ ಒಂದೇ ಏಣಿಯ ಮೆಟ್ಟಿಲು. ಮೇಲೆ ಹತ್ತಿದವರು ಕೆಳಗಿನ ಮೆಟ್ಟಿಲನ್ನು ಮರೆಯುತ್ತಾರೆ, ಅಷ್ಟೇ.

ಪಂಡಿತರು ಕಡೆಗೆ ಗುಲ್ಬರ್ಗಕ್ಕೆ ಮರಳಿದರು. ಚಿತ್ರ ಬಿಡಲಿಲ್ಲ. 1993ರಲ್ಲಿ ತೀರಿಕೊಂಡರು. ಇವತ್ತು ಕಲಬುರಗಿಯಲ್ಲಿ ಅವರ ಹೆಸರಿನ ರಂಗಮಂದಿರ ಇದೆ. ಸರಕಾರಿ ಜಯಂತಿ, ನಾಟಕ, ಸನ್ಮಾನ, ಭಾಷಣ ಎಲ್ಲ ನಡೆಯುವುದು ಅಲ್ಲೇ. "ಪಂಡಿತ ರಂಗಮಂದಿರದಾಗ ಪ್ರೋಗ್ರಾಂ ಅದ" ಅಂದರೆ ಆಟೋದವರಿಗೂ ಗೊತ್ತು. ಪಂಡಿತ ಅಂದರೆ ಯಾರು ಅಂತ ಕೇಳಿದರೆ, ಯಾರೋ ಹಾಡುವವರು ಇರಬೇಕು ಅಂದುಕೊಂಡವರೇ ಬಹಳ! ಜೀವಮಾನವೆಲ್ಲ ಚಿತ್ರದ ಮೂಲ್ಯಾಗ ಸಣ್ಣದಾಗಿ ಸಹಿ ಹಾಕಿದ ಮನುಷ್ಯನ ಹೆಸರು ಕಟ್ಟಡದ ನೆತ್ತಿಯ ಮೇಲೆ ದೊಡ್ಡದಾಗಿ ಬಂತು. ಆದರೂ ಗುರುತು ಹತ್ತಲಿಲ್ಲ.

ಕಲ್ಲಿನ ಮೇಲಿನ ದನ

ಗುಲ್ಬರ್ಗದ ಮಾತಾಯಿತು, ಈಗ ರಸ್ತೆಯ ಈ ತುದಿಗೆ ಬರೋಣ. ಸಿಂಧನೂರು ಭತ್ತದ ಊರು, ಲಿಂಗಸೂಗೂರು ಚಿನ್ನದ ತಾಲೂಕು, ಚಿತ್ರಕ್ಕೂ ಇಲ್ಲಿಗೂ ಏನು ಸಂಬಂಧ ಅನ್ನುವವರು ಮುದಗಲ್ ಸಮೀಪದ ಪಿಕಳಿಹಾಳಕ್ಕೆ ಹೋಗಿ ಬರಬೇಕು.

ಲಿಂಗಸೂಗೂರು ತಾಲೂಕಿನ ಈ ಹಳ್ಳಿಯ ಗುಡ್ಡದಲ್ಲಿ 1952ರಲ್ಲಿ ಆಲ್ಚಿನ್ ಎಂಬ ಇಂಗ್ಲಿಷ್ ವಿದ್ವಾಂಸರು ಉತ್ಖನನ ನಡೆಸಿದರು. ದನ ಸಾಕಿ ಬದುಕಿದ ನವಶಿಲಾಯುಗದ ಜನರ ನೆಲೆ ಸಿಕ್ಕಿತು. ಸುತ್ತಲಿನ ಬಂಡೆಗಳ ಮೇಲೆ ಚಿತ್ರಗಳೂ ಇದ್ದವು. ಇಣಿ ಎದ್ದ ಹೋರಿ, ಉದ್ದ ಕೋಡಿನ ದನ, ಮನುಷ್ಯರು. ಅಂದಾಜು ನಾಲ್ಕು ಸಾವಿರ ವರ್ಷದ ಹಿಂದೆ ಈ ಭಾಗದಲ್ಲಿ ಇಂಥ ಚಿತ್ರ ಬರೆಯುವ ರೂಢಿ ಇತ್ತು.

ಅವರ ಪದ್ಧತಿಯೂ ತಿಳಿಯುವಂಥದ್ದೇ. ಬಿಸಿಲು ಮಳೆಗೆ ಬಂಡೆಯ ಮೈ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಗಟ್ಟಿ ಕಲ್ಲಿನಿಂದ ಅದರ ಮೇಲೆ ಸಾವಿರಾರು ಸಲ ಕುಟ್ಟಿದರೆ ಮೇಲಿನ ಪದರ ಹೋಗಿ ಒಳಗಿನ ಬಿಳಿ ಕಾಣುತ್ತದೆ. ಹಾಗೆ ಚುಕ್ಕೆ ಚುಕ್ಕೆ ಕುಟ್ಟಿ ಹೋರಿ ಮಾಡುವುದು. ಕಾಲ ಹೋದಂತೆ ಆ ಬಿಳಿಯೂ ಮತ್ತೆ ಕಪ್ಪಾಗುತ್ತ ಬರುತ್ತದೆ. ಎಷ್ಟು ಕಪ್ಪೋ ಅಷ್ಟು ಹಳತು. ಕೆಮ್ಮಣ್ಣಿನ ಬಣ್ಣದಿಂದ ಬರೆದ ಚಿತ್ರಗಳೂ ಇವೆ. ಸ್ಫೂರ್ತಿ? ಎದುರಿಗೆ ಮೇಯುತ್ತಿದ್ದ ದನ. ಮನೆಯ ಆಸ್ತಿ, ಮನಸ್ಸಿನ ಆಸೆ ಎರಡೂ ಅದೇ.

ಹೆಸರು? ಇಲ್ಲ.

ಮಸ್ಕಿಯ ಗುಡ್ಡದ ಕಥೆ ಎಲ್ಲರಿಗೂ ಗೊತ್ತು. 1915ರಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರಿಗೆ ಅಶೋಕನ ಶಾಸನ ಸಿಕ್ಕಿತು. ಅಲ್ಲಿಯವರೆಗೆ 'ದೇವಾನಾಂಪ್ರಿಯ' ಅಂತಷ್ಟೇ ಗೊತ್ತಿದ್ದ ದೊರೆ ಅಶೋಕನೇ ಅನ್ನುವುದನ್ನು ಮಸ್ಕಿಯ ಕಲ್ಲು ಸಾಬೀತು ಮಾಡಿತು. ರಾಜನ ಹೆಸರು ಹೇಳಿದ ಆ ಕಲ್ಲು ಅಕ್ಷರ ಬರೆದವನ ಹೆಸರನ್ನು ಮಾತ್ರ ಹೇಳುವುದಿಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋದರೆ ಅಲ್ಲಿಯ ಅಶೋಕ ಶಾಸನದ ಕೊನೆಗೆ ಬರೆದವನು ಧೈರ್ಯವಾಗಿ ಹೆಸರು ಹಾಕಿದ್ದಾನೆ, 'ಚಪಡ' ಅಂತ. 'ಲಿಪಿಕಾರ' ಅನ್ನುವ ಮಾತನ್ನಂತೂ ವಾಯವ್ಯ ಗಡಿ ಕಡೆಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಎರಡು ಲಿಪಿ ಬಲ್ಲೆ ಅನ್ನುವ ಸಣ್ಣ ಜಂಬವೂ ಇದ್ದೀತು! ಇರಲಿ. ಚಕ್ರವರ್ತಿಯ ಆಜ್ಞೆಯ ಕೆಳಗೆ ತನ್ನ ಹೆಸರು ಕೆತ್ತಿದ ಆ ಕೈಗೆ ನಮಸ್ಕಾರ ಹೇಳಬೇಕು. ಎರಡು ಸಾವಿರದ ಇನ್ನೂರು ವರ್ಷದ ಮೇಲೂ ಆತ ಯಾರು ಅಂತ ಗೊತ್ತಿರುವುದು ಆ ಒಂದು ಸಹಿಯಿಂದ.

ಪೇಂಟರ್ ಹೋದ, ಫ್ಲೆಕ್ಸ್ ಬಂತು

ಈಗ ಬಜಾರಕ್ಕೆ ಬರೋಣ. ಇಪ್ಪತ್ತೈದು ಮೂವತ್ತು ವರ್ಷದ ಹಿಂದೆ ಈ ಮೂರೂ ಊರಲ್ಲಿ ಬೋರ್ಡು ಬರೆಯುವ ಪೇಂಟರುಗಳಿಗೆ ಕೈತುಂಬ ಕೆಲಸ. ತಗಡಿಗೆ ಪ್ರೈಮರ್ ಹೊಡೆದು, ದಾರಕ್ಕೆ ಸುಣ್ಣ ಹಚ್ಚಿ ಟಪ್ ಅಂತ ಹೊಡೆದು ಗೆರೆ ಎಳೆದು, ಸೀಮೆಸುಣ್ಣದಲ್ಲಿ ಅಕ್ಷರದ ಮೈ ಗುರುತಿಸಿ, ಎಡಗೈಗೆ ಕೋಲು ಆನಿಸಿ, ಬಲಗೈ ಕುಂಚದಿಂದ ಒಂದೇ ಉಸಿರಿನಲ್ಲಿ 'ಶ್ರೀ'ಯ ಸುತ್ತು ತಿರುಗಿಸುತ್ತಿದ್ದರು. ನೋಡಲು ಸುತ್ತ ಹುಡುಗರ ಗುಂಪು. ಎಷ್ಟೋ ಹುಡುಗರಿಗೆ ಅದೇ ಕಲಾಶಾಲೆ. ಡಬ್ಬಿ ತೊಳೆಯಲು ಸೇರಿದವನು ಗೆರೆ ಎಳೆಯಲು ಕಲಿತ, ಗೆರೆ ಎಳೆದವನು ಅಕ್ಷರ ತುಂಬಲು ಕಲಿತ, ಅಕ್ಷರ ತುಂಬಿದವನು ಒಂದು ದಿನ ಟಾಕೀಸಿನ ಬ್ಯಾನರಿನಲ್ಲಿ ರಾಜಕುಮಾರರ ಮೂಗು ಬರೆದ. ಮೂಗು ಸರಿ ಬಂದರೆ ಉಸ್ತಾದ, ಇಲ್ಲದಿದ್ದರೆ ಮತ್ತೆ ಡಬ್ಬಿ.

ಬೋರ್ಡಿನ ಕೆಳಗಿನ ಮೂಲ್ಯಾಗ ತನ್ನ ಹೆಸರು, ಮುಂದೆ 'ಆರ್ಟ್ಸ್', ಅದರ ಮುಂದೆ ಊರು. ಇದು ಪ್ರತಿ ಪೇಂಟರನ ಹಕ್ಕು. ಹಣ ಕಡಿಮೆ ಮಾಡಿದರೂ ಸಹಿ ಬಿಡುತ್ತಿರಲಿಲ್ಲ. ಅದೇ ಅವನ ಜಾಹೀರಾತು, ಅದೇ ಅವನ ಮರ್ಯಾದೆ.

ಆಮೇಲೆ ಫ್ಲೆಕ್ಸ್ ಬಂತು. ಪೇಂಟರ್ ವಾರ ತೆಗೆದುಕೊಳ್ಳುತ್ತಿದ್ದ ಕೆಲಸವನ್ನು ಮಿಷನ್ ಅರ್ಧ ತಾಸಿನಲ್ಲಿ ಉಗುಳಿತು. ಅಗ್ಗ, ಬೇಗ, ಮೇಲೆ ಸಾವಕಾರರ ಫೋಟೋ ಬೇರೆ. 2016ರಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಫ್ಲೆಕ್ಸನ್ನೂ ಸೇರಿಸಿತು. ಕಾಗದದ ಮೇಲೆ ನಿಷೇಧ ಇದೆ. ಸರ್ಕಲಿನ ಕಂಬಕ್ಕೆ ಮಾತ್ರ ಹುಟ್ಟುಹಬ್ಬದ ಶುಭಾಶಯ ಕಟ್ಟುವುದು ನಿಂತಿಲ್ಲ.

ಫ್ಲೆಕ್ಸನ್ನು ಬೈದು ಪ್ರಯೋಜನ ಇಲ್ಲ. ಷೋಕಾರ್ಡ್ ಬಂದಾಗ ಅದೂ ಹೊಸ ಕಾಲದ ಕೆಲಸವೇ ಆಗಿತ್ತು. ಪಂಡಿತರು ಅದನ್ನೇ ಹಿಡಿದು ಮೇಲೆ ಬಂದರು. ಇವತ್ತು ಕಂಪ್ಯೂಟರಿನ ಮುಂದೆ ಕುಂತು ಪುಸ್ತಕಕ್ಕೆ, ಜಾಹೀರಾತಿಗೆ, ಕಾರ್ಟೂನಿಗೆ ಚಿತ್ರ ಬರೆಯುವವರೂ ಇದ್ದಾರೆ, ಸಂಪಾದಿಸುವವರೂ ಇದ್ದಾರೆ. ಕಳೆದುಹೋದದ್ದು ಕುಂಚವಲ್ಲ. ಡಬ್ಬಿ ತೊಳೆಯುತ್ತ ಕೈ ಪಳಗಿಸಿಕೊಳ್ಳುವ ಬೀದಿಯ ಸಾಲಿ ಕಳೆದುಹೋಯಿತು. ಫ್ಲೆಕ್ಸ್ ಅಂಗಡಿಯಲ್ಲಿ ಹುಡುಗ ಮೌಸ್ ಒತ್ತುವುದು ಕಲಿಯುತ್ತಾನೆ, ಮೂಗು ಬರೆಯುವುದು ಕಲಿಯುವುದಿಲ್ಲ.

"ಚಿತ್ರ ಬರದ್ರ ಹೊಟ್ಟಿ ತುಂಬತದೇನು?"

ಈ ಮಾತು ಕೇಳದೆ ಬೆಳೆದ ಚಿತ್ರಗಾರ ಈ ಸೀಮೆಯಲ್ಲಿ ಇರಲಿಕ್ಕಿಲ್ಲ. ಕೇಳುವ ಅಪ್ಪನದು ತಪ್ಪಲ್ಲ. ಕಾಲುವೆ ನೀರು ಬಂದರೆ ಭತ್ತ, ಬಾರದಿದ್ದರೆ ಸಾಲ ಅನ್ನುವ ಮನೆಯಲ್ಲಿ ಮಗ ನೋಟ್‌ಬುಕ್ಕಿನ ಹಿಂದೆ ಹುಲಿ ಬರೆಯುತ್ತ ಕುಂತರೆ ಎದೆ ಝಲ್ಲೆನ್ನುವುದು ಸಹಜ. ಹುಡುಗಿ ಬರೆದರೆ ಅದು ರಂಗೋಲಿಗೆ ಆಯಿತು, ಮದುವೆ ಮನೆಯ ಮೆಹಂದಿಗೆ ಆಯಿತು ಅಂತ ಅಲ್ಲಿಗೇ ಮುಗಿಸುತ್ತಾರೆ.

ಪಂಡಿತರ ಜೀವನ ಈ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ. ತುಂಬತದ, ಆದರೆ ಮೂರು ಷರತ್ತು. ಕೈ ಹಿಡಿದು ತಿದ್ದುವ ಗುರು ಬೇಕು. ವರ್ಷಗಟ್ಟಲೆ ಕಂಡದ್ದನ್ನು ಕಂಡ ಹಾಗೆ ಬರೆಯುವ ತಾಳ್ಮೆ ಬೇಕು. ಸಿಕ್ಕ ಕೆಲಸವನ್ನು ಸಣ್ಣದು ಅನ್ನದೆ ದೊಡ್ಡದಾಗಿ ಮಾಡುವ ಹಟ ಬೇಕು.

ಪಂಡಿತರಿಗೆ ಮದ್ರಾಸು ಮುಂಬಯಿ ಅಲೆಯುವುದು ಅನಿವಾರ್ಯ ಆಗಿತ್ತು. ಈಗ ಅಷ್ಟು ದೂರ ಹೋಗಬೇಕಿಲ್ಲ. ಒಬ್ಬೊಬ್ಬ ಮೇಷ್ಟ್ರು ಒಂದೊಂದು ಊರಲ್ಲಿ ಬೆವರು ಸುರಿಸಿ ಶಾಲೆ ಕಟ್ಟಿದ್ದಾರೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು 1935ರಲ್ಲೇ ಕಟ್ಟಿದರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರು, ಬೆಂಗಳೂರಿನಲ್ಲಿ ಬಾದಾಮಿ ಕಡೆಯ ಆರ್.ಎಂ. ಹಡಪದರು, ಪಂಡಿತರ ಊರಾದ ಕಲಬುರಗಿಯಲ್ಲೇ ವಿ.ಜಿ. ಅಂದಾನಿಯವರು. ಲಿಂಗಸೂಗೂರಿನ ಹುಡುಗ ಹುಡುಗಿಯರಿಗೆ ಕಲಬುರಗಿ ಒಂದೇ ಬಸ್ಸಿನ ದಾರಿ. ಹೈಸ್ಕೂಲಿನಲ್ಲಿ ಇರುವಾಗಲೇ ಡ್ರಾಯಿಂಗಿನ ಲೋವರ್, ಹೈಯರ್ ಪರೀಕ್ಷೆ ಕಟ್ಟಬಹುದು. ಪಿಯುಸಿ ಆದ ಮೇಲೆ ದೃಶ್ಯಕಲೆಯಲ್ಲೇ ಪದವಿ ಓದಬಹುದು.

ಹಾದಿ ಇದೆ. ಹಾದಿಯ ಮೊದ್ಲನೇ ಗೇಣೇ ಇಲ್ಲ. ಬರೆಯುವ ಕೂಸನ್ನು ಗುರುತಿಸಿ ಡ್ರಾಯಿಂಗ್ ಪರೀಕ್ಷೆಗೆ ಕೂಡಿಸುವವರು ಬೇಕು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಪಿರಿಯಡ್ ಬಂದಾಗ ಗಣಿತದ ಮೇಷ್ಟ್ರು ಒಳಗೆ ಬಂದು ಲೆಕ್ಕ ಶುರು ಮಾಡಿದರೆ, ಆಳಂದಕರರು ಗುಲ್ಬರ್ಗದ ಹುಡುಗನಿಗೆ ಹೇಳಿದ "ಬಾ, ಬರಿ" ಅನ್ನುವ ಮಾತನ್ನು ಇಲ್ಲಿ ಹೇಳುವವರು ಯಾರು?

ಅಂಗಡಿಕಾರರ ಕೈಯಲ್ಲೂ ಒಂದಿಷ್ಟು ಇದೆ. ಈ ಊರುಗಳಲ್ಲಿ ಚಿತ್ರಕ್ಕೆ ರಾಜಾಶ್ರಯ ಕೊಟ್ಟವರು ಯಾರು ಅಂದರೆ ಅಂಗಡಿಯವರೇ. ಸುರಪುರದ ನಾಯಕರು ಒಂದು ಕಾಲಕ್ಕೆ ಚಿನ್ನದ ರೇಖಿನ ಚಿತ್ರ ಬರೆಯುವವರಿಗೆ ಆಸರೆ ಆಗಿದ್ದರು. ಅರಮನೆ ಹೋಯಿತು, ಬಜಾರ ಉಳಿಯಿತು. ಹೊಸ ಅಂಗಡಿ ತೆರೆಯುವಾಗ ಹೊರಗೆ ಫ್ಲೆಕ್ಸ್ ಬೇಕಾದರೆ ಇರಲಿ, ಒಳಗಿನ ಒಂದು ಗೋಡೆ ಊರಿನ ಪೇಂಟರಿಗೆ ಕೊಟ್ಟರೆ ಖರ್ಚು ಬಹಳ ಆಗುವುದಿಲ್ಲ. ಮೂಲ್ಯಾಗ ಹೆಸರು ಹಾಕಲು ಒಂದು ಗೇಣು ಜಾಗ ಬಿಟ್ಟರೆ ಅಂಗಡಿಯ ಹೆಸರೇನೂ ಸಣ್ಣದಾಗುವುದಿಲ್ಲ. ಚಪಡ ಹೆಸರು ಹಾಕಿದ ಅಂತ ಅಶೋಕನ ಕಿರೀಟ ಬೀಳಲಿಲ್ಲ.

ಹಳೇ ಅಂಗಡಿಗಳ ಅಟ್ಟದ ಮೇಲೆ, ಹಳೇ ಫ್ರೇಮುಗಳಲ್ಲಿ, ಗಾಜಿನ ಹಿಂದೆ ಅರಿಶಿನ ಬಣ್ಣಕ್ಕೆ ತಿರುಗಿದ ಕ್ಯಾಲೆಂಡರ್ ಚಿತ್ರಗಳು ಈ ಮೂರೂ ಊರಲ್ಲಿ ಇನ್ನೂ ಇದ್ದಾವು. ದೀಪಾವಳಿಗೆ ಅಂಗಡಿ ಸ್ವಚ್ಛ ಮಾಡುವಾಗ ರದ್ದಿಗೆ ಹಾಕುವ ಮುಂಚೆ ಒಂದು ಸಲ ಧೂಳು ಒರೆಸಿ, ಕೆಳಗಿನ ಮೂಲೆ ನೋಡಬೇಕು. 'ಎಸ್.ಎಂ. ಪಂಡಿತ' ಅಂತ ಇದ್ದರೆ ಅದನ್ನು ಮತ್ತೆ ಗೋಡೆಗೆ ಹಚ್ಚಬೇಕು. ಅಂಗಡಿಗೆ ಬರುವ ಕೂಸು ಯಾರು ಬರೆದದ್ದು ಅಂತ ಕೇಳಿದರೆ ಹೇಳಲು ಸಾವಕಾರರಿಗೆ ಈಗ ಉತ್ತರ ಗೊತ್ತಿದೆ: ಇದೇ ರಸ್ತೆಯ ಮೇಲಿನ ಊರಿನವರು.